ಮುರಿಯಬೇಕಾದ ಕಡ್ಡಿ

ಆ ಕಡ್ಡಿ ಯಾವುದೋ ಮಗುವಿನ ಮೂಗಿನೊಳಗೇ ಮುರಿದುಹೋದರೆ?

ಮಹಾಲಕ್ಷ್ಮಿಗೆ ಈ ಯೋಚನೆ ಬೆಳಗ್ಗೆ ಹಲ್ಲುಜ್ಜುವಾಗ ಬರುತ್ತಿತ್ತು. ಎರಡು ವರ್ಷದ ಮಗಳು ಇಂಚರಳಿಗೆ ಇಡ್ಲಿ ತಿನ್ನಿಸುವಾಗ ಬರುತ್ತಿತ್ತು. ದಾಸರಹಳ್ಳಿ ಮೆಟ್ರೋ ಮೆಟ್ಟಿಲು ಹತ್ತುವಾಗ, ಮುಂದೆ ಹೋಗುತ್ತಿರುವ ಯಾರೋ ತಾಯಿಯ ಹೆಗಲ ಮೇಲೆ ಒಂದು ಪುಟ್ಟ ಮೂಗು ಕಂಡರಂತೂ ಕಾಲು ಅಲ್ಲೇ ನಿಂತುಬಿಡುತ್ತಿತ್ತು. ಹಿಂದಿನವರು “ಸ್ವಲ್ಪ ಜಾಗ ಬಿಡಿ ಮೇಡಂ” ಅನ್ನುವವರೆಗೂ ಅವಳು ಆ ಹೊಳ್ಳೆಯ ಅಗಲವನ್ನು ಕಣ್ಣಲ್ಲೇ ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುತ್ತ ನಿಂತಿರುತ್ತಿದ್ದಳು.

ಭಯಕ್ಕೆ ಕಾರಣವೂ ಇತ್ತು. ಆ ಕಡ್ಡಿಯನ್ನು ರೂಪಿಸಿದವಳು ಅವಳೇ.

ಪೀಣ್ಯದ ಎರಡನೇ ಹಂತದಲ್ಲಿ, ಲೇತ್ ಯಂತ್ರಗಳ ಸದ್ದಿನ ಒಂದು ಓಣಿಯ ಕೊನೆಗೆ, ಮುನಿರಾಜು ಅವರ ಸಣ್ಣ ಫ್ಯಾಕ್ಟರಿ ಇತ್ತು. ಜ್ವರ ಬಂದವರ ಮೂಗಿನಿಂದ, ಗಂಟಲಿನಿಂದ ದ್ರವ ತೆಗೆಯುವ ಸ್ವಾಬ್ ಕಡ್ಡಿಗಳನ್ನು ಅಲ್ಲಿ ಮಾಡುತ್ತಿದ್ದರು. ತೆಳ್ಳನೆಯ ಪ್ಲಾಸ್ಟಿಕ್ ಕಡ್ಡಿ, ತುದಿಗೆ ಮಖಮಲ್ಲಿನಂತೆ ಎದ್ದು ನಿಂತ ನೈಲಾನ್ ಎಳೆಗಳು. ಕೊರೊನಾ ಬರುವ ಮೊದಲು ಅದೇ ಯಂತ್ರ ಒಡವೆ ಡಬ್ಬಿಗಳ ಒಳಮೈಗೆ ಕೆಂಪು ಮಖಮಲ್ಲು ಹಚ್ಚುತ್ತಿತ್ತು. “ಆವತ್ತು ಓಲೆ ಕೂರ್ತಿತ್ತು, ಇವತ್ತು ವೈರಸ್ ಕೂರುತ್ತೆ. ಮಖಮಲ್ ಅದೇ,” ಎಂದು ಮುನಿರಾಜು ಬಂದವರಿಗೆಲ್ಲ ಹೇಳುತ್ತಿದ್ದರು, ಯಂತ್ರದ ಬೆನ್ನು ತಟ್ಟುತ್ತ.

ದೊಡ್ಡವರ ಕಡ್ಡಿ ಅವರಲ್ಲಿ ಆಗಲೇ ಇತ್ತು. ಎರಡರಿಂದ ಐದು ವರ್ಷದ ಮಕ್ಕಳಿಗೆಂದೇ ಒಂದು ಕಡ್ಡಿ ಬೇಕೆಂದು ಅತ್ತಿಬೆಲೆಯ ಮಕ್ಕಳ ಆಸ್ಪತ್ರೆಯೊಂದು ಕೇಳಿದಾಗ ಮುನಿರಾಜು ಆ ಕೆಲಸವನ್ನು ಮಹಾಲಕ್ಷ್ಮಿಯ ಮೇಜಿನ ಮೇಲಿಟ್ಟರು. “ನೀವೂ ತಾಯಿ, ನಿಮಗೇ ಸರಿಯಾಗಿ ಗೊತ್ತಾಗುತ್ತೆ,” ಎಂದರು. ಅಲ್ಲಿಯವರೆಗೆ ಬೇರೆಯವರ ನಕ್ಷೆ ತಿದ್ದಿಯೇ ನಾಲ್ಕು ವರ್ಷ ಕಳೆದವಳಿಗೆ ಇದು ಮೊದಲ ಸ್ವಂತ ಕೆಲಸ. ಮಲ್ಲೇಶ್ವರದ ಶಾಲೆಯಲ್ಲಿ ಓದುವಾಗ ಪ್ರಶ್ನೆಪತ್ರಿಕೆ ಕೈಗೆ ಬರುವ ಮೊದಲೇ ಉತ್ತರಕ್ಕೆ ಹಾಳೆ ಸಾಲದೆ ಹೋದರೆ ಎಂದು ಅತ್ತವಳು ಅವಳು. ಅಂಥವಳ ಕೈಗೆ ಮಕ್ಕಳ ಮೂಗು ಸಿಕ್ಕಿತ್ತು.

ಕಡ್ಡಿಯ ಕಷ್ಟವೆಲ್ಲ ಅದರ ನಡುವೆ ಗೀರಿದಂತಿದ್ದ ಒಂದು ಕಚ್ಚಿನಲ್ಲಿತ್ತು. ನರ್ಸ್ ಮೂಗಿನಿಂದ ದ್ರವ ತೆಗೆದ ಮೇಲೆ ಕಡ್ಡಿಯನ್ನು ಪುಟ್ಟ ಟ್ಯೂಬಿಗೆ ಇಳಿಸುತ್ತಾಳೆ. ಟ್ಯೂಬಿನ ಬಾಯಿಗೆ ಒರಗಿಸಿ ಬಗ್ಗಿಸಿದರೆ ಕಚ್ಚಿರುವಲ್ಲಿ ಕಡ್ಡಿ ಟಕ್ಕೆಂದು ಮುರಿಯಬೇಕು. ತುದಿ ಒಳಗುಳಿಯಬೇಕು, ಹಿಡಿ ಕಸಕ್ಕೆ ಹೋಗಬೇಕು, ಮುಚ್ಚಳ ಬೀಳಬೇಕು. ಕಚ್ಚು ಆಳವಾದರೆ ಬೇಡದ ಹೊತ್ತಿನಲ್ಲಿ ಮುರಿಯುತ್ತದೆ. ಆಳ ಸಾಲದಿದ್ದರೆ ಬೇಕಾದ ಹೊತ್ತಿನಲ್ಲಿ ಮುರಿಯುವುದಿಲ್ಲ.

ಮಹಾಲಕ್ಷ್ಮಿಗೆ ಮೊದಲನೆಯದಷ್ಟೇ ಕಾಣುತ್ತಿತ್ತು. ಅವಳು ಅಚ್ಚು ಮಾಡುವ ನಲ್ಲಪ್ಪನವರ ಬಳಿಗೆ ಹೋದಳು. ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ಫಿಟ್ಟರ್ ಆಗಿದ್ದು, ನಿವೃತ್ತಿಯ ಮರುದಿನವೇ ಮನೆಯಲ್ಲಿ ಕೂತು ಬೇಜಾರಾಗಿ ಇಲ್ಲಿಗೆ ಬಂದವರು ಅವರು.

“ಸಾರ್, ಕಚ್ಚು ಇನ್ನೊಂದು ಚೂರು ಕಡಿಮೆ ಮಾಡೋಣ.”

“ಅಮ್ಮಾ, ಆ ಕಚ್ಚು ಮೂಗಿಂದ ನಾಲ್ಕು ಬೆರಳು ಹೊರಗಿರುತ್ತೆ. ಮೂಗೊಳಗೆ ಹ್ಯಾಗಮ್ಮಾ ಮುರಿಯುತ್ತೆ?”

“ಮಗು ತಲೆ ಕೊಡವಿದ್ರೆ?”

ನಲ್ಲಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಅಚ್ಚಿನಲ್ಲಿ ಕಚ್ಚು ಮೂಡಿಸುವ ಉಕ್ಕಿನ ಏಣನ್ನು, ಆ ಚೂಪು ಉಬ್ಬನ್ನು, ಕೂದಲೆಳೆಯಷ್ಟು ತೇಯ್ದುಕೊಟ್ಟರು. ನಾಲ್ಕು ದಿನ ಕಳೆದು ಅವಳು ಮತ್ತೆ ಬಂದಳು. ಮಗು ತಲೆ ಕೊಡವುವಾಗಲೇ ಸೀನಿದರೆ? ನಲ್ಲಪ್ಪ ಮತ್ತೆ ತೇಯ್ದರು. ಮೂರನೆಯ ಸಲ ಬಂದಾಗ ಅವಳು ಬಾಯಿ ತೆರೆಯುವ ಮೊದಲೇ ಅವರು ಅರ ಕೈಗೆತ್ತಿಕೊಂಡಿದ್ದರು. “ಇವತ್ತು ಆ ಮಗು ಏನ್ ಮಾಡ್ತು?” ಎಂದು ಕೇಳಿದರು. “ತೇಯೋದಕ್ಕೆ ನಂಗೇನು. ಆದರೆ ಉಕ್ಕು ತೆಗೀಬಹುದು, ಮತ್ತೆ ಹಾಕೋದು ದೊಡ್ಡ ರಗಳೆ. ನೆನಪಿಟ್ಕೊಳ್ಳಿ.”

ಆಮೇಲೆ ಮುರಿತದ ಪರೀಕ್ಷೆ. ಎಷ್ಟು ಬಲಕ್ಕೆ ಕಡ್ಡಿ ಮುರಿಯುತ್ತದೆಂದು ಅಂಕಿಯಲ್ಲಿ ತೋರಿಸುವ ಪುಟ್ಟ ಯಂತ್ರವೊಂದು ಫ್ಯಾಕ್ಟರಿಯಲ್ಲಿತ್ತು. ಅದೇ ವಾರ ಅದು ವರ್ಷಕ್ಕೊಮ್ಮೆಯ ತಪಾಸಣೆಗೆ ಹೋಗಿತ್ತು; ಬರಲು ಹನ್ನೆರಡು ದಿನ. ಆಸ್ಪತ್ರೆಯವರು ಕಾಯುತ್ತಿದ್ದರು. ಸರಿ, ಐವತ್ತು ಕಡ್ಡಿಗಳನ್ನು ಕೈಯಲ್ಲೇ ಮುರಿದು ನಮೂನೆ ತುಂಬುವುದೆಂದು ಮುನಿರಾಜು ಹೇಳಿದರು. ಪ್ಯಾಕಿಂಗಿನ ಹೆಂಗಸರೆಲ್ಲ ಬೇರೆ ಆರ್ಡರಿನಲ್ಲಿ ಮುಳುಗಿದ್ದರು. ಬಿಡುವಾಗಿದ್ದವಳು ಎಂಟು ತಿಂಗಳ ಹಿಂದೆ ಕೆಲಸಕ್ಕೆ ಸೇರಿದ ದುರ್ಗವ್ವ ಒಬ್ಬಳೇ. ಕೊಪ್ಪಳದ ಕಡೆಯವಳು, ಮಾತು ಕಡಿಮೆ, ನಗು ಜಾಸ್ತಿ.

ಪರೀಕ್ಷೆಯ ಹೊತ್ತಿಗೆ ಮಹಾಲಕ್ಷ್ಮಿ ಪಕ್ಕದಲ್ಲಿ ಕೂತು ಪೆನ್ನು ಹಿಡಿದಳು. ಮೊದಲನೆಯ ಕಡ್ಡಿ ಟಕ್ಕೆಂದಿತು. ಅವಳ ಕಣ್ಣ ಮುಂದೆ ಒಂದು ಮಗುವಿನ ಮೂಗು ಬಂತು. ಎರಡನೆಯದು ಟಕ್ಕೆಂದಿತು. ಅದು ಇಂಚರಳ ಮೂಗಾಗಿತ್ತು. “ನೀವು ಮುರೀತಾ ಇರಿ ದುರ್ಗವ್ವಾ, ಬಂದೆ,” ಎಂದು ಎದ್ದು ಹೊರಗೆ ಹೋಗಿ, ಕುಡಿಯುವ ನೀರಿನ ಕ್ಯಾನ್ ಪಕ್ಕ ಕಿವಿ ಮುಚ್ಚಿಕೊಂಡು ನಿಂತಳು. ಕಡ್ಡಿಯ ಉದ್ದ, ತೂಕ, ಎಳೆಯ ದಪ್ಪ, ಬಗ್ಗುವ ಕೋನ ಎಲ್ಲವನ್ನೂ ಬಾಯಿಪಾಠ ಹೇಳಬಲ್ಲ ಹೆಂಗಸು ತನ್ನ ಕಡ್ಡಿಯನ್ನು ಒಂದೇ ಒಂದು ಸಲವೂ ಕೈಯಾರೆ ಮುರಿದು ನೋಡಿರಲಿಲ್ಲ. ಆ ಸದ್ದು ಅವಳಿಂದ ತಡೆಯಲಾಗುತ್ತಿರಲಿಲ್ಲ.

ದುರ್ಗವ್ವ ಹೊರಗೆ ಬಂದಳು. “ಐವತ್ತಕ್ಕ ಐವತ್ತೂ ಮುರದ್ವು ನೋಡ್ರಿ. ಸಲೀಸ್ ಮುರೀತಾವು. ನೀವ್ ಮನೀಗ್ ಹೋಗ್ರಿ ಮೇಡಂ, ಕೂಸಿಗ್ ಜ್ವರ ಅಂದಿದ್ರಿ.”

ಮಹಾಲಕ್ಷ್ಮಿ ಸಹಿ ಹಾಕಿದಳು. ಐನೂರು ಕಡ್ಡಿಗಳು ಅತ್ತಿಬೆಲೆಗೆ ಹೊರಟವು. ಮುಂದಿನ ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಆಸ್ಪತ್ರೆಯವರು ಜ್ವರದ ಮಕ್ಕಳ ಮೇಲೆ ಅವನ್ನು ಬಳಸಿ ನೋಡುವುದೆಂದಿತ್ತು. ಸರಿಹೋದರೆ ಆಸ್ಪತ್ರೆಯವರು ಮುಂದೆಯೂ ಅವಳ ಕಡ್ಡಿಯನ್ನೇ ತರಿಸುತ್ತಾರೆ. ಇಲ್ಲವಾದರೆ ಎಂದಿನಂತೆ ಹೊರದೇಶದ್ದನ್ನೇ ತರಿಸುತ್ತಾರೆ. ಮುನಿರಾಜು ಮಕ್ಕಳ ಕಡ್ಡಿಯ ಸುದ್ದಿ ಮತ್ತೆ ಎತ್ತುವುದಿಲ್ಲ.

ಆ ಒಂದು ವಾರದಲ್ಲಿ ಅವಳು ಆಸ್ಪತ್ರೆಯ ಸ್ಯಾಂಪಲ್ ವಿಭಾಗದ ಸಿಸ್ಟರ್ ಸೌಮ್ಯಾಗೆ ನಾಲ್ಕು ಸಲ ಫೋನ್ ಮಾಡಿದಳು. ನೀಲಿ ಮುಚ್ಚಳ ಕಂಡು ಮಕ್ಕಳು ಹೆದರುತ್ತಾರಾ ಎಂದು ಒಂದು ಸಲ. ಪ್ಯಾಕೆಟ್ ಹರಿಯುವ ಸದ್ದಿಗೆ ಚಾಕಲೇಟ್ ಎಂದುಕೊಂಡು ಬಾಯಿ ತೆರೆದರೆ ಎಂದು ಇನ್ನೊಂದು ಸಲ. ನಾಲ್ಕನೆಯದರ ನಂತರ ಸಿಸ್ಟರ್ ಮುನಿರಾಜುಗೆ ಫೋನ್ ಮಾಡಿದರು. ಮುನಿರಾಜು ಮಹಾಲಕ್ಷ್ಮಿಯ ಮುಂದೆ ಕೈ ಮುಗಿದರು. “ಮೇಡಂ, ಇನ್ಮೇಲೆ ಅವರಿಗೆ ನೀವು ಫೋನ್ ಮಾಡ್ಬೇಡಿ. ಮಾತು ಕೊಡಿ.” ಅವಳು ಮಾತು ಕೊಟ್ಟಳು.

ಭಾನುವಾರ ಬೆಳಗ್ಗೆ ಅವಳ ಅತ್ತೆ ಸೊಣ್ಣಮ್ಮ ಎಲೆಅಡಿಕೆಗೆ ಕೂತರು. ಸೊಣ್ಣಮ್ಮ ದಾಸರಹಳ್ಳಿ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇದ್ದವರು. ಅವರು ಕಳೆ ಕಿತ್ತ ರಾಗಿ ಹೊಲದ ಮೇಲೆ ಈಗ ಮೊಬೈಲ್ ಅಂಗಡಿ, ಅದರ ಮೇಲೆ ಜಿಮ್ ಇತ್ತು. ಸೊಸೆ ತರುವ ಹೆಚ್ಚುವರಿ ಕಡ್ಡಿಗಳನ್ನು ಅವರು ಒಂದನ್ನೂ ಬಿಸಾಡುತ್ತಿರಲಿಲ್ಲ. ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವುದು ಅದರಲ್ಲೇ, ಮಿಕ್ಸಿಯ ಸಂದಿ ಒರೆಸುವುದು ಅದರಲ್ಲೇ, ದೇವರ ಪಟಕ್ಕೆ ಕುಂಕುಮ ಇಡುವುದೂ ಅದರಲ್ಲೇ. ಇವತ್ತು ಸುಣ್ಣದ ಡಬ್ಬಿಗೆ ಒಂದು ಮೋಟು ಕಡ್ಡಿ ಬೇಕಾಗಿತ್ತು; ಕೈಗೆ ಸಿಕ್ಕಿದ್ದು ಮಕ್ಕಳ ಹೊಸ ಕಡ್ಡಿ.

“ಏನಮ್ಮಿ ಇದು, ಮುರಿಯಾಕಿಲ್ಲ ಅಂತೈತೆ,” ಎಂದರು ಸೊಣ್ಣಮ್ಮ. “ಆಗ್ಲಿಂದ ಬಗ್ಗುಸ್ತಾ ಇವ್ನಿ, ಅಂಗೇ ಎದ್ ನಿಂತ್ಕೋತೈತೆ. ನನ್ ಮಗನ್ಗಿಂತ ಇದಕ್ಕೇ ಬೆನ್ನು ಗಟ್ಟಿ.”

ಆ ಮಗ, ಮಹಾಲಕ್ಷ್ಮಿಯ ಗಂಡ ಸಿದ್ದರಾಜು, ತಿಂಡಿ ತಿನ್ನುತ್ತಿದ್ದವನು ಎಡಗೈ ಚಾಚಿದ. “ಕೊಡವ್ವ ಇಲ್ಲಿ.” ಬಗ್ಗಿಸಿದ. ಕಡ್ಡಿ ಬಿಲ್ಲಾಯಿತು. ಇನ್ನಷ್ಟು ಬಗ್ಗಿಸಿದ. ಅದು ಅವನ ಬೆರಳಿನಿಂದ ಚಿಮ್ಮಿ ನೇರ ಸಾಂಬಾರಿನ ಪಾತ್ರೆಗೆ ಬಿತ್ತು. ಸಿದ್ದರಾಜು ಸೌಟಿನಿಂದ ಅದನ್ನೆತ್ತಿ ಮೆಚ್ಚುಗೆಯಿಂದ ನೋಡಿದ. “ಸಕ್ಕತ್ ಕ್ವಾಲಿಟಿ ಕಣೇ. ಇದಕ್ಕೆ ಗ್ಯಾರಂಟಿ ಕಾರ್ಡ್ ಕೊಡ್ಬಹುದು.”

ಮಹಾಲಕ್ಷ್ಮಿ ಹೊಸ ಕಡ್ಡಿಯೊಂದನ್ನು ತೆಗೆದು, ಮೊದಲ ಸಲ, ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿದಳು. ಕಚ್ಚಿನ ಜಾಗ ಬೆಳ್ಳಗಾಯಿತು. ಅಷ್ಟೇ. ಹಲ್ಲು ಕಚ್ಚಿ ಒತ್ತಿದಳು. ಹೆಬ್ಬೆರಳು ಕೆಂಪಾಯಿತು, ಕಡ್ಡಿ ಹಾಗೇ ಇತ್ತು. ಸೊಣ್ಣಮ್ಮ ಅಷ್ಟರಲ್ಲಿ ಈಳಿಗೆಮಣೆ ಎಳೆದುಕೊಂಡು ತಮ್ಮದನ್ನು ತುಂಡರಿಸಿ, ಸುಣ್ಣ ಹಚ್ಚಿ, ಎಲೆ ಬಾಯಿಗಿಟ್ಟಿದ್ದರು. “ಆಸ್ಪತ್ರೇಲೂ ಒಂದು ಈಳಿಗೆ ಇಟ್ಕೊಂಡ್ರೆ ಆಯ್ತಪ್ಪ,” ಎಂದರು.

ಅವಳಿಗೆ ನಗು ಬರಲಿಲ್ಲ. ವಾರಗಟ್ಟಲೆ ಮುರಿದೇ ಮುರಿಯುತ್ತದೆಂದು ಹೆದರಿದ್ದಳು. ಮುರಿಯದೇ ಹೋಗಬಹುದೆಂದು ಒಮ್ಮೆಯೂ ಹೆದರಿರಲಿಲ್ಲ. ಈಗ ಎಲ್ಲವೂ ಕಣ್ಣಿಗೆ ಕಟ್ಟಿತು. ಅಳುವ ಮಗು, ಅದನ್ನು ಬಿಗಿಹಿಡಿದ ತಾಯಿ, ಕೈಗವಸಿನ ಬೆರಳಲ್ಲಿ ಜಾರುವ ಕಡ್ಡಿ. ಮುರಿಯದಿದ್ದರೆ ಮುಚ್ಚಳ ಹಾಕಲಾಗದು, ಚಿಮ್ಮಿದರೆ ತೆಗೆದದ್ದೆಲ್ಲ ವ್ಯರ್ಥ. ಆಗ ನರ್ಸ್ ಅದೇ ಮಗುವಿನ ಕಡೆ ತಿರುಗಿ, ಇನ್ನೊಂದು ಸಲ ಮೂಗೆತ್ತು ಪುಟ್ಟಾ ಅನ್ನಬೇಕು. ಒಂದು ಸಲ ಮೂಗಿಗೆ ಕಡ್ಡಿ ಹಾಕಿಸಿಕೊಂಡ ಎರಡು ವರ್ಷದ ಮಗು ಎರಡನೇ ಸಲಕ್ಕೆ ಒಪ್ಪುತ್ತದೆಯೆಂದು ನಂಬುವವರು ಮಕ್ಕಳಿಲ್ಲದವರು.

“ಆದರೆ ದುರ್ಗವ್ವ ಐವತ್ತೂ ಮುರಿದಳಲ್ಲ?” ಎಂದಳು ಗಂಡನಿಗೆ.

“ಹೋಗಿ ಅವಳನ್ನೇ ಕೇಳು, ಇಲ್ಲಿ ಕೂತು ನನ್ ತಲೆ ತಿನ್ಬೇಡ,” ಎಂದ ಸಿದ್ದರಾಜು. ಇಂಚರಳನ್ನು ಅತ್ತೆಯ ಬಳಿ ಬಿಟ್ಟು ಮಹಾಲಕ್ಷ್ಮಿ ಒಂದು ಕಟ್ಟು ಕಡ್ಡಿ, ಎರಡು ಟ್ಯೂಬು ಚೀಲಕ್ಕೆ ಹಾಕಿಕೊಂಡು ಹೊರಟಳು.

ದುರ್ಗವ್ವ ಇದ್ದದ್ದು ಹತ್ತು ನಿಮಿಷದ ದಾರಿಯ ಒಂದು ವಠಾರದಲ್ಲಿ. ಎದುರುಬದುರು ಆರಾರು ಕೋಣೆ, ನಡುವೆ ಒಂದು ನಲ್ಲಿ. ಅವಳು ಬಟ್ಟೆ ಹಿಂಡುತ್ತಿದ್ದಳು. “ಬರ್ರಿ ಮೇಡಂ, ಐತವಾರ ಸೈತ ಕಡ್ಡಿ ತಂದೀರಲ್ಲ,” ಎಂದು ಸೀರೆಗೆ ಕೈ ಒರೆಸಿಕೊಂಡಳು.

“ದುರ್ಗವ್ವಾ, ಇದೊಂದು ಮುರೀರಿ ನೋಡೋಣ.”

ಟಕ್.

ಇನ್ನೊಂದು. ಟಕ್. ಒಂದೇ ಕೈ, ಹೆಬ್ಬೆರಳಿನ ಒಂದು ಒತ್ತು. ದುರ್ಗವ್ವನ ಗಂಡ ಯಮನೂರ ಬಾಗಿಲಲ್ಲಿ ಕೂತು ಚಹಾ ಕುಡಿಯುತ್ತಿದ್ದವನು ಲೋಟ ಕೆಳಗಿಡದೆಯೇ ಎರಡನ್ನು ಒಟ್ಟಿಗೆ ಮುರಿದ. ಎದುರು ಕೋಣೆಯ ಭೀಮಪ್ಪ ಬಂದು ಐದು ಕಡ್ಡಿ ಜೋಡಿಸಿ ಬೀಡಿಕಟ್ಟಿನಂತೆ ಹಿಡಿದು ಮುರಿದ, ಸುತ್ತ ನೋಡಿದ. “ಹತ್ ಕೊಡ್ರಿ,” ಎಂದ.

ಮಹಾಲಕ್ಷ್ಮಿಗೆ ಹೋದ ಜೀವ ಬಂತು. ಹಾಗಾದರೆ ತನ್ನ ಮನೆಯವರದೇ ಕೈಲಾಗದ ಕೈ. ಅವಳು ಆ ಸಂತೋಷದಲ್ಲೇ ಕೇಳಿದಳು, “ನಿಮಗೆಲ್ಲ ಇಷ್ಟು ಸುಲಭ ಹ್ಯಾಗ್ರೀ?”

“ಸುಲಭ ಆಗದ ಏನ್ರಿ,” ಎಂದಳು ದುರ್ಗವ್ವ. “ಇಲ್ಲಿಗ್ ಬರೂ ಮುಂದ ಒಂಬತ್ ವರ್ಷ ಕಂಬಿ ಕಟ್ಟೇನ್ರಿ ನಾನು. ವೈಟ್‌ಫೀಲ್ಡ್‌ನ್ಯಾಗ ಎಷ್ಟ್ ಬಿಲ್ಡಿಂಗ್ ಅದಾವಲ್ಲ, ಅದರಾಗಿನ ಕಂಬಿ ತಂತಿ ಎಲ್ಲಾ ನಾವ್ ತಿರುವಿದ್ವು. ನೋಡ್ರಿ ಹೆಬ್ಬೆಟ್ಟು.”

ಮಹಾಲಕ್ಷ್ಮಿ ನೋಡಿದಳು. ಅದು ಹೆಬ್ಬೆರಳಾಗಿರಲಿಲ್ಲ, ಒಂದು ಸಲಕರಣೆಯಾಗಿತ್ತು. ಯಮನೂರ ಇವತ್ತಿಗೂ ಕಂಬಿ ಕೆಲಸದವನು. ಭೀಮಪ್ಪ ಸೆಂಟ್ರಿಂಗ್ ಹಲಗೆ ಹೊರುವವನು. ಹೋಗಲಿ, ಈ ವಠಾರದಲ್ಲಿ ಕಾಂಕ್ರೀಟು ಮುಟ್ಟದ ಕೈ ಒಂದಾದರೂ ಇದೆಯೇ ಎಂದು ಅವಳು ಸುತ್ತ ನೋಡುವಷ್ಟರಲ್ಲಿ ಒಳಗಿನಿಂದ ದುರ್ಗವ್ವನ ಅಕ್ಕನ ಮಗಳು ಮಹಾದೇವಿ ಪುಸ್ತಕ ಹಿಡಿದು ಹೊರಬಂದಳು. ನರ್ಸಿಂಗ್ ಎರಡನೇ ವರ್ಷ.

ಮಹಾದೇವಿ ವಿಷಯ ಕೇಳಿ, ಶಾಸ್ತ್ರೋಕ್ತವಾಗಿ ತನ್ನ ಕಾಲೇಜಿನ ಚೀಲದಿಂದ ಕೈಗವಸು ತೆಗೆದು ಹಾಕಿಕೊಂಡಳು. ಟ್ಯೂಬಿಗೆ ಒಂದಿಷ್ಟು ನೀರು ಬಿಟ್ಟರು. ಭೀಮಪ್ಪ ಸಹಕರಿಸುವ ಮಗುವಾಗಿ ಎದುರು ಕೂತು ಮೂಗೆತ್ತಿದ. ಅವನ ಮೂಗಿನ ಹತ್ತಿರ ಸುಮ್ಮನೆ ಒಮ್ಮೆ ಆಡಿಸಿ, ಅವಳು ಕಡ್ಡಿಯನ್ನು ಟ್ಯೂಬಿಗಿಳಿಸಿ ಬಾಯಿಗೆ ಒರಗಿಸಿ ಬಗ್ಗಿಸಿದಳು. ಬೆಳ್ಳಗಾಯಿತು. ಇನ್ನೂ ಬಗ್ಗಿಸಿದಳು. ಕೈಗವಸು ಜಾರಿತು, ಕಡ್ಡಿ ಛಂಗನೆ ನೆಟ್ಟಗಾಯಿತು, ಟ್ಯೂಬಿನ ನೀರೆಲ್ಲ ಭೀಮಪ್ಪನ ಮುಖಕ್ಕೆ ಹಾರಿತು.

ಭೀಮಪ್ಪ ಮುಖ ಒರೆಸಿಕೊಂಡ. “ಇದು ಬರೇ ನೀರಲ್ರೀ?”

“ನೀರೇ ಮಾಮಾ.”

“ನಾಳಿ ನೀರಿರೂದಿಲ್ಲ,” ಎಂದ ಭೀಮಪ್ಪ ಗಂಭೀರವಾಗಿ.

ಮಹಾದೇವಿ ಮತ್ತೆ ಮೂರು ಕಡ್ಡಿಗಳೊಡನೆ ಹೆಣಗಿದಳು. ಒಂದೂ ಮುರಿಯಲಿಲ್ಲ. ದುರ್ಗವ್ವನ ನಗು ನಿಧಾನವಾಗಿ ಇಳಿಯಿತು. “ಅಂದ್ರ ನಾ ತಪ್ ಮಾಡಿದ್ನೇನ್ರಿ? ಮುರದ್ವು ಅಂತ ಹೇಳ್ದೆ. ಮುರದದ್ದೂ ಖರೇನ.”

“ನೀವು ನಿಜಾನೇ ಹೇಳಿದ್ರಿ. ನಾನು ಒಂದನ್ನೂ ಮುರಿದು ನೋಡ್ಲಿಲ್ಲ. ಹೊರಗೆ ಹೋಗಿ ನಿಂತಿದ್ದೆ.”

“ಹೂಂ, ಕಿವಿ ಮುಚ್ಕೊಂಡ್ ನಿಂತಿದ್ರಿ. ನಾ ಕಿಟಕ್ಯಾಗಿಂದ ನೋಡಿದ್ನಿ,” ಎಂದಳು ದುರ್ಗವ್ವ. “ಅದಕ್ಕ ಲಗೂನ ಮುರದ್ ಮುಗಿಸಿದ್ನಿ.”

ಮಹಾಲಕ್ಷ್ಮಿ ನಲ್ಲಿಯ ಕಟ್ಟೆಯ ಮೇಲೆ ಕೂತು ಮುನಿರಾಜುಗೆ ಉದ್ದನೆಯ ಸಂದೇಶ ಬರೆದಳು. ಅಳಿಸಿ, ಗಿಡ್ಡದ್ದು ಬರೆದು ಕಳಿಸಿದಳು. ಅವರು ನೆಲಮಂಗಲದಲ್ಲಿ ಯಾರದೋ ಬೀಗರ ಊಟದಲ್ಲಿದ್ದರು. ಧ್ವನಿಸಂದೇಶ ಬಂತು, ಹಿಂದೆ ತಟ್ಟೆ ಲೋಟಗಳ ಸದ್ದಿನೊಡನೆ.

“ಮೇಡಂ, ಸೋಮವಾರ ಕಡ್ಡಿ ಮೂಗಲ್ಲೇ ಮುರಿದುಹೋಗುತ್ತೆ ಅಂದ್ರಿ. ಬುಧವಾರ ಮುಚ್ಚಳ ನೋಡಿ ಮಕ್ಕಳು ಹೆದರ್ತಾರೆ ಅಂದ್ರಿ. ಶುಕ್ರವಾರ ಯಾರೋ ನುಂಗಿಬಿಡ್ತಾರೆ ಅಂದ್ರಿ. ಇವತ್ತು ಮುರಿಯೋದೇ ಇಲ್ಲ ಅಂತೀರ. ಮುರಿಯುತ್ತೋ ಇಲ್ವೋ, ಮೊದಲು ನೀವೊಂದು ತೀರ್ಮಾನಕ್ಕೆ ಬನ್ನಿ. ಊಟಕ್ಕೆ ಕೂತಿದೀನಿ, ನಾಳೆ ಹನ್ನೊಂದಕ್ಕೆ ಬರ್ತೀನಿ, ಮಾತಾಡೋಣ.”

ವಠಾರವಿಡೀ ಅದನ್ನು ಕೇಳಿಸಿಕೊಂಡಿತು. ಯಮನೂರ ಕೆಮ್ಮಿದ. ಮಹಾಲಕ್ಷ್ಮಿಗೆ ಅವಮಾನವಾಗಲಿಲ್ಲ, ಯಾಕೆಂದರೆ ಅವರು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ವಾರವಿಡೀ ಇಲ್ಲದ್ದನ್ನೆಲ್ಲ ಹೇಳಿಕೊಂಡು ಓಡಾಡಿದವಳ ಇದ್ದದ್ದನ್ನು ಯಾರು ಕೇಳುತ್ತಾರೆ? ಅವರು ಹನ್ನೊಂದಕ್ಕೆ ಬರುತ್ತಾರೆ. ಮಕ್ಕಳು ಒಂಬತ್ತಕ್ಕೆ ಬರುತ್ತಾರೆ. ಮತ್ತೆ ಕರೆ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು.

ಸಿಸ್ಟರ್ ಸೌಮ್ಯಾ ಅವರ ನಂಬರು ಪರದೆಯ ಮೇಲಿತ್ತು. ಮಾತು ಕೊಟ್ಟಾಗಿತ್ತು. ಒತ್ತಿದರೆ ತನ್ನ ಕಡ್ಡಿಯ ಕಥೆ ತಾನೇ ಮುಗಿಸಿದಂತೆ. ಅಚ್ಚಿನಲ್ಲಿ ತೇಯ್ದ ಉಕ್ಕು ಒಂದು ದಿನದಲ್ಲಿ ವಾಪಸು ಬರುವುದಿಲ್ಲ. ಆಸ್ಪತ್ರೆಯವರು ಅಷ್ಟು ದಿನ ಕಾಯುತ್ತಾರೆಂಬ ಭರವಸೆಯೂ ಇಲ್ಲ. ಒತ್ತದಿದ್ದರೆ ಏನಾಗುತ್ತದೆಂದು ಭೀಮಪ್ಪನ ಅಂಗಿಯ ಮೇಲೆ ಕಾಣುತ್ತಿತ್ತು.

“ಏನಂತ ಹೇಳ್ಲಿ?” ಎಂದಳು, ಯಾರಿಗೂ ಅಲ್ಲದೆ.

“ಮುರೀವಲ್ಲವು ಅಂತ ಹೇಳ್ರಿ,” ಎಂದಳು ದುರ್ಗವ್ವ. “ಅಷ್ಟ ಐತಲ್ಲ ಹೇಳೂದು.”

ಒತ್ತಿದಳು. ಎರಡನೇ ರಿಂಗಿಗೇ ಎತ್ತಿದರು.

“ಹೇಳಿ ಪೀಣ್ಯ ಮೇಡಂ,” ಎಂದರು ಸಿಸ್ಟರ್, ಬಹಳ ತಾಳ್ಮೆಯಿಂದ. “ಇವತ್ತು ಏನು ಭಯ?”

“ಭಯ ಏನಿಲ್ಲ ಸಿಸ್ಟರ್. ನಾನು ಕಳಿಸಿರೋ ಕಡ್ಡಿ ಮುರಿಯಲ್ಲ. ನಾಳೆ ಮಕ್ಕಳಿಗೆ ಹಾಕ್ಬೇಡಿ.”

“ನಿಮ್ ಸಾರ್‌ಗೆ ಗೊತ್ತಾ?”

“ಹೇಳ್ದೆ. ನಾಳೆ ನೋಡೋಣ ಅಂದ್ರು. ನಿಮಗೆ ಫೋನ್ ಮಾಡಲ್ಲ ಅಂತ ಅವರಿಗೆ ಮಾತೂ ಕೊಟ್ಟಿದ್ದೆ. ನೀವೀಗ ಡ್ಯೂಟೀಲಿದ್ರೆ ಒಂದು ಪ್ಯಾಕೆಟ್ ಹರಿದು ನೋಡಿ. ಗ್ಲೌಸ್ ಹಾಕ್ಕೊಂಡು.”

ಫೋನನ್ನು ಎಲ್ಲೋ ಇಟ್ಟ ಸದ್ದು. ಕಪಾಟಿನ ಬಾಗಿಲು. ಪ್ಯಾಕೆಟ್ ಹರಿದದ್ದು. ಆಮೇಲೆ ಸಿಸ್ಟರ್ ಉಸಿರು ಬಿಗಿಹಿಡಿದು ಬಿಟ್ಟದ್ದು. ಮಹಾಲಕ್ಷ್ಮಿ ಈ ಸಲ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದಳು. ಇನ್ನೊಂದು ಪ್ಯಾಕೆಟ್ ಹರಿಯಿತು. ಯಾವುದೋ ಟ್ಯೂಬು ನೆಲಕ್ಕೆ ಬಿದ್ದು ಉರುಳಿತು.

“ಸರಿ,” ಎಂದು ಸಿಸ್ಟರ್ ವಾಪಸು ಬಂದರು, ದನಿ ಬೇರೆಯಾಗಿತ್ತು. “ನಾಳೆಗೆ ಹಳೇ ಕಡ್ಡೀಲೇ ಮಾಡ್ತೀವಿ. ಈ ಡಬ್ಬಿ ಮೇಲ್ಗಡೆ ಇಡ್ತೀನಿ. ಆದ್ರೆ ಡ್ಯೂಟಿ ಬದಲಾದ್ರೆ ಯಾರಾದ್ರೂ ತೆಗೆದುಬಿಡ್ತಾರೆ. ಒಂದು ಚೀಟಿ ಅಂಟಿಸ್ಬೇಕು. ಏನಂತ ಬರೀಲಿ?”

“ಉಪಯೋಗಿಸಬೇಡಿ, ಕಚ್ಚು ಮುರಿಯುವುದಿಲ್ಲ ಅಂತ ಬರೀರಿ.”

“ಕೆಳಗೆ ಯಾರ ಹೆಸರು? ನಿಮ್ ಸಾರ್‌ದಾ?”

“ನಂದು ಬರೀರಿ ಸಿಸ್ಟರ್. ಮಹಾಲಕ್ಷ್ಮಿ, ಡಿಸೈನ್. ನಂಬರೂ ಹಾಕಿ. ಯಾರಿಗಾದ್ರೂ ಅನುಮಾನ ಬಂದ್ರೆ ನಂಗೇ ಫೋನ್ ಮಾಡ್ಲಿ.”